ತಳ್ಳಬಹುದು, ಎಳೆಯುವಂತಿಲ್ಲ!

ಸೊಕೊಬಾನ್ ಆಡಿದ್ದೀರಾ? ಜಪಾನಿ ಭಾಷೆಯಲ್ಲಿ ಹಾಗೆಂದರೆ ಗೋದಾಮಿನ ಕಾವಲುಗಾರ. ಹಿರೊಯುಕಿ ಇಮಾಬಯಾಶಿ ರೂಪಿಸಿದ ಈ ಆಟ 1982ರಲ್ಲಿ ಕಂಪ್ಯೂಟರಿಗೆ ಬಂತು. 1989ರಲ್ಲಿ ನಿಂಟೆಂಡೊ ಗೇಮ್ ಬಾಯ್ ಹುಟ್ಟಿದ ಮೇಲೆ ಅಂಗೈಗೂ ಇಳಿಯಿತು. ಅಮೆರಿಕದಲ್ಲಿ ಅದರ ಹೆಸರು 'ಬಾಕ್ಸಲ್'.

ನಿಯಮ ಇಷ್ಟೇ: ಪೆಟ್ಟಿಗೆಗಳನ್ನು ಒಂದೊಂದಾಗಿ ತಳ್ಳಿ ಗುರುತಿನ ಜಾಗಕ್ಕೆ ಸೇರಿಸಬೇಕು. ಎಳೆಯುವಂತಿಲ್ಲ. ಮೂಲೆಗೆ ಸಿಕ್ಕಿತೋ, ಮೊದಲಿಂದ ಶುರು. ಹತ್ತು ನಿಮಿಷ ಅಂತ ಕೂತವರ ನಿದ್ದೆ ಹಾರುವುದು ಅಲ್ಲೇ! ಇದು ಕಂಪ್ಯೂಟರಿಗೂ ಕಬ್ಬಿಣದ ಕಡಲೆಯೆಂದು 1997ರಲ್ಲಿ ಜೋಸೆಫ್ ಕಲ್ಬರ್ಸನ್ ಗಣಿತದಿಂದಲೇ ಸಾಧಿಸಿ ತೋರಿಸಿದರು.

ಮುಂಬಯಿಯ ಒಂದೇ ಖೋಲಿಯಲ್ಲಿ ಸಂಸಾರ ಹೂಡಿದ ನನಗೆ ಈ ಆಟ ಬಲು ಹತ್ತಿರ. ಊರಿನ ಮನೆ ಮಾರಿ ಬಂದ ನಮಗೂ ಹಿಂದಕ್ಕೆ ಎಳೆಯುವ ಗುಂಡಿ ಇರಲಿಲ್ಲ. ಮುಂದಿನ ದಾರಿ ನೋಡಿಕೊಂಡೇ ತಳ್ಳುತ್ತ ಬಂದೆವು.