ಕ್ಯಾಸಲ್‌ರಾಕಿನ ನಾಕೆ, ಆಟಗಳ ಉಗ್ರಾಣ

(ಬಾನುಲಿ ಭಾಷಣ)

ಪ್ಲಾಟ್‌ಫಾರಂ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಕಣ್ಣ ಮುಂದೆ ನಿಲ್ಲುವುದು ಕ್ಯಾಸಲ್‌ರಾಕ್ ನಿಲ್ದಾಣದ ಒದ್ದೆ ಕಲ್ಲುಹಾಸು. ನನ್ನ ಬಾಲ್ಯ ಕಳೆದದ್ದು ಅಲ್ಲಿಯ ರೈಲ್ವೆ ಚಾಳಿನಲ್ಲಿ. ತಂದೆಯವರು ಗೂಡ್ಸ್ ಕಚೇರಿಯ ಗುಮಾಸ್ತರಾಗಿದ್ದರು. ಮುಂದೆ ಊರೂರು ಸುತ್ತಿ, ಮಕ್ಕಳಿಗೆ ಇತಿಹಾಸ ಕಲಿಸಿ, ನಿವೃತ್ತನಾಗಿ ಮತ್ತೆ ಇಲ್ಲಿಗೇ ಬಂದು ಒಂದು ಹಂಚಿನ ಮನೆಯಲ್ಲಿ ನೆಲೆಸಿದ್ದೇನೆ. ಆ ಶಬ್ದಕ್ಕೆ ಬೇರೊಂದು ಅರ್ಥವುಂಟೆಂದು ನನಗೆ ತಿಳಿಸಿದವನು ಹುಬ್ಬಳ್ಳಿಯಲ್ಲಿ ಓದುವ ನನ್ನ ಮೊಮ್ಮಗ.

ಹೋದ ಮಳೆಗಾಲದಲ್ಲಿ ಅವನು ತನ್ನ ಕಂಪ್ಯೂಟರನ್ನು ಹೊತ್ತುಕೊಂಡು ಬಂದಿದ್ದ. ಜೋಯಿಡಾದ ಕಾಡಿನಲ್ಲಿ ಜೂನ್ ಕಳೆದರೆ ಮರ ಬೀಳುವುದು, ತಂತಿ ಹರಿಯುವುದು ನಿತ್ಯದ ಮಾತು. ವಿದ್ಯುತ್ತು ಬಂದರೆ ಅಂತರ್ಜಾಲವಿಲ್ಲ. ಅದು ಬಂದರೆ ಇದಿಲ್ಲ. ರೊಕ್ಕ ಕೊಟ್ಟು ಕೊಂಡ ಒಂದು ಆಟವನ್ನು ಅವನು ತೆರೆಯಹೋದಾಗ, ಆಟ ತೆರೆಯಲಿಲ್ಲ. ದೂರದೇಶದ ಯಾವುದೋ ಯಂತ್ರ "ಇವನು ನಿಜವಾದ ಒಡೆಯನೇ" ಎಂದು ವಿಚಾರಿಸಿ ಒಪ್ಪಿಗೆ ಕೊಡಬೇಕಾಗಿತ್ತು; ವಿಚಾರಿಸಲು ದಾರಿಯೇ ಕಡಿದುಹೋಗಿತ್ತು. ಹುಡುಗ ಕೈಚೆಲ್ಲಿ ಕುಳಿತು, "ಅಜ್ಜಾ, ರೊಕ್ಕ ನಾನು ಕೊಟ್ಟೇನಿ, ಪೆಟ್ಟಿಗಿ ನನ್ನ ಮನ್ಯಾಗ ಐತಿ, ಕೀಲಿ ಮಾತ್ರ ಅವರ ಕಡೆ ಐತಿ" ಎಂದ. ಆ ಮಾತು ನನ್ನನ್ನು ನೇರವಾಗಿ ಈ ಊರಿನ ಹಳೆಯ ನಾಕೆಯ ಬಳಿಗೆ ಕರೆದೊಯ್ದಿತು.

ನಾಕೆಯ ಕಥೆಯನ್ನು ಮೊದಲು ಹೇಳುತ್ತೇನೆ. ಘಟ್ಟದ ಕೆಳಗೆ ಪೋರ್ಚುಗೀಜರ ಗೋವೆ, ಮೇಲೆ ಬ್ರಿಟಿಷರ ಸೀಮೆ. 1878ರ ಡಿಸೆಂಬರಿನಲ್ಲಿ ಈ ಎರಡು ಸರಕಾರಗಳು ಒಂದು ಒಪ್ಪಂದ ಮಾಡಿಕೊಂಡವು. ಮುರ್ಮುಗಾವ್ ಬಂದರಿನಿಂದ ಘಟ್ಟ ಹತ್ತುವ ರೈಲುದಾರಿಯಾಗಬೇಕು; ಎರಡೂ ಸೀಮೆಗಳ ನಡುವೆ ಜಕಾತಿ ಇರಕೂಡದು; ಅದಕ್ಕೆ ಪ್ರತಿಯಾಗಿ ಗೋವೆಯ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರ ಕೈಗೆ ಬರಬೇಕು. 37 ಅಡಿಗೆ 1 ಅಡಿಯಂತೆ ಏರುವ ಆ ಕಡಿದಾದ ದಾರಿ ದೂಧಸಾಗರದ ಜಲಪಾತದ ಮುಂದೆಯೇ ಹಾಯ್ದು 1888ರಲ್ಲಿ ಸಿದ್ಧವಾಯಿತು. ಜಗತ್ತಿನ ಸರಕು ನಮ್ಮ ಕಾಡಿನ ಬಾಗಿಲಿಗೆ ಬಂತು. ಆದರೆ ಒಪ್ಪಂದದ ಅವಧಿ ಹನ್ನೆರಡೇ ವರ್ಷ. 1892ರಲ್ಲಿ ಅದು ಮುಗಿದಾಗ ಜಕಾತಿ ಹಿಂದಿರುಗಿತು. ಮೇಲೆ ಕ್ಯಾಸಲ್‌ರಾಕಿನಲ್ಲಿ ಒಂದು ನಾಕೆ, ಕೆಳಗೆ ಕುಳೆಯಲ್ಲಿ ಇನ್ನೊಂದು. ಪ್ರಯಾಣಿಕರ ಟ್ರಂಕುಗಳನ್ನು ಬಿಚ್ಚಿಸಿ ನೋಡುತ್ತಿದ್ದ ಕಥೆಗಳನ್ನು ನಮ್ಮ ಹಿರಿಯರು ಎಷ್ಟೋ ಹೇಳಿದ್ದಾರೆ. 1955ರಲ್ಲಿ ಗೋವೆಯ ಗಡಿ ಮುಚ್ಚಿ ಘಟ್ಟದ ಕೆಳಗಿನ ರೈಲುಸಂಚಾರ ನಿಂತಾಗ ನನಗೆ ಆರು ವರ್ಷ. ಹಳಿಗಳಿದ್ದವು, ನಿಲ್ದಾಣವಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡ ಮೇಲೆಯೇ ಆ ದಾರಿ ಮತ್ತೆ ತೆರೆಯಿತು. ದಾರಿ ಇರುವುದು ಬೇರೆ, ದಾರಿಯ ಮೇಲೆ ನಮ್ಮ ಹಕ್ಕು ಇರುವುದು ಬೇರೆ ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಆ ಬರಿದಾದ ಪ್ಲಾಟ್‌ಫಾರಮಿನಿಂದ.

ಇನ್ನು ಮೊಮ್ಮಗನ ಪ್ಲಾಟ್‌ಫಾರಮಿಗೆ ಬರೋಣ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಹಣ ಪಣಕ್ಕಿಟ್ಟು ಆಡುವ ಆಟಗಳ ವಿಷಯ ಇದಲ್ಲ. ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ನಾನು ಹೇಳಹೊರಟಿರುವುದು ಪುಸ್ತಕದಂತೆ, ಚಲನಚಿತ್ರದಂತೆ ಬೆಲೆ ಕೊಟ್ಟು ಕೊಳ್ಳುವ ಕಂಪ್ಯೂಟರ್ ಆಟಗಳನ್ನು ಅಂತರ್ಜಾಲದ ಮೂಲಕವೇ ಮಾರುವ ಅಂಗಡಿಗಳ ವಿಷಯ. ಅಂಗಡಿ ಎಂದರೂ ಅರ್ಧ ಮಾತೇ ಆಯಿತು. ಕೊಂಡ ಸರಕು ಅವರ ಉಗ್ರಾಣದಲ್ಲೇ ಇರುತ್ತದೆ; ಬೇಕಾದಾಗ ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬೇಕು. ಆದ್ದರಿಂದ ಉಗ್ರಾಣವೆಂಬ ಹೆಸರೇ ಇದಕ್ಕೆ ಹೆಚ್ಚು ಒಪ್ಪುತ್ತದೆ.

ಮೊದಲು ಆಟಗಳು ಬಿಲ್ಲೆಗಳಲ್ಲಿ ಬರುತ್ತಿದ್ದವು. ರಟ್ಟಿನ ಪೆಟ್ಟಿಗೆ, ಒಳಗೊಂದು ಸಿ.ಡಿ., ಅದರ ಕವಚದ ಮೇಲೆ ಅಚ್ಚಾದ ಗುಪ್ತಸಂಖ್ಯೆ. ದೊಡ್ಡ ಊರುಗಳ ಹೊರಗೆ ಅಸಲಿ ಬಿಲ್ಲೆ ಸಿಗುವುದೇ ಅಪರೂಪ. ನಕಲು ಬಿಲ್ಲೆ ಮಾತ್ರ ಧಾರಾಳವಾಗಿ ಸಿಗುತ್ತಿತ್ತು. ಬಿಲ್ಲೆಗೆ ಗೀರು ಬಿದ್ದರೆ ಹಣ ಮಣ್ಣು. ತಯಾರಕರು ತಪ್ಪು ತಿದ್ದಿದರೆ, ಆ ತಿದ್ದುಪಡಿ ಆಟಗಾರನಿಗೆ ತಲುಪುವ ಬಗೆಯೂ ಸುಲಭವಾಗಿರಲಿಲ್ಲ. ಈ ತಿದ್ದುಪಡಿಯ ತೊಡಕನ್ನು ಬಿಡಿಸಲೆಂದೇ ಅಮೆರಿಕದ ವಾಲ್ವ್ ಕಂಪನಿ 2003ರ ಸೆಪ್ಟೆಂಬರಿನಲ್ಲಿ ಸ್ಟೀಮ್ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಸ್ಟೀಮ್ ಎಂದರೆ ಉಗಿ! ಉಗಿಬಂಡಿಯ ಊರಿನಲ್ಲಿ ಬೆಳೆದ ನನಗೆ ಈ ಹೆಸರು ಕೇಳಿ ನಗು ಬಂತು.

ಆ ಉಗಿಯನ್ನು ಜನ ಮೊದಲು ಸ್ವಾಗತಿಸಲಿಲ್ಲ. 2004ರ ನವೆಂಬರಿನಲ್ಲಿ ಹಾಫ್ ಲೈಫ್ 2 ಎಂಬ ಆಟ ಬಂದಾಗ, ಅಂಗಡಿಯಲ್ಲಿ ಬಿಲ್ಲೆ ಕೊಂಡವನೂ ಸ್ಟೀಮಿನಲ್ಲಿ ಹೆಸರು ನೋಂದಾಯಿಸಿ ಅಪ್ಪಣೆ ಪಡೆಯಬೇಕಾಯಿತು. ಜನರ ನೂಕುನುಗ್ಗಲಿಗೆ ಆ ಯಂತ್ರಗಳು ತತ್ತರಿಸಿದವು. ಬಿಲ್ಲೆ ಕೈಯಲ್ಲಿ ಹಿಡಿದು ಕಾಯುತ್ತ ಕುಳಿತವರು ಮನಸಾರೆ ಶಪಿಸಿದರು. ಟಿಕೀಟು ಪಡೆದು ಗಾಡಿಯನ್ನೇರಿದವನನ್ನು ನಾಕೆಯಲ್ಲಿ ಇಳಿಸಿ ನಿಲ್ಲಿಸಿದ ಹಾಗೆ. 2005ರಿಂದ ಇತರರ ಆಟಗಳೂ ಅಲ್ಲಿ ಮಾರಾಟಕ್ಕೆ ಬಂದವು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಶಾಪ ಹೋಗಿ ರೂಢಿಯಾಯಿತು. 2025ರ ಮಾರ್ಚಿನಲ್ಲಿ ಏಕಕಾಲಕ್ಕೆ ಅಲ್ಲಿ ನೆರೆದವರ ಸಂಖ್ಯೆ 4 ಕೋಟಿಯನ್ನು ದಾಟಿತು.

ಜನ ಸುಮ್ಮನೆ ಒಗ್ಗಿಕೊಳ್ಳಲಿಲ್ಲ. ಲಾಭ ಕಂಡೇ ಒಗ್ಗಿದರು. ಅದನ್ನು ಒಪ್ಪದಿದ್ದರೆ ಇತಿಹಾಸಕ್ಕೆ ಅಪಚಾರವಾದೀತು. ಕ್ಯಾಸಲ್‌ರಾಕಿನಂಥ ಊರಿನಲ್ಲಿ ಆಟದ ಅಂಗಡಿ ಎಂದಾದರೂ ಆದೀತೇ? ಇಂದು ಇಲ್ಲಿ ಕುಳಿತ ಹುಡುಗನಿಗೂ ಲಂಡನ್ನಿನ ಹುಡುಗನಿಗೂ ಹೊಸ ಆಟ ಒಂದೇ ದಿನ ದೊರೆಯುತ್ತದೆ. 2015ರಿಂದ ಸ್ಟೀಮಿನಲ್ಲಿ ಬೆಲೆಯನ್ನು ರೂಪಾಯಿಯಲ್ಲೇ ಕಾಣಿಸುತ್ತಾರೆ. ಅದಕ್ಕೆ ಮುನ್ನ ಡಾಲರಿನ ಲೆಕ್ಕ ಹಾಕಬೇಕಿತ್ತು. ಹಬ್ಬದ ಸೋಡಿಯಂತೆ ವರ್ಷಕ್ಕೆ ಕೆಲವು ಸಲ ಬೆಲೆಯಿಳಿಕೆಯ ಸಂತೆ ನೆರೆಯುತ್ತದೆ. ಅದೇ 2015ರ ಜೂನಿನಿಂದ, ಕೊಂಡು ಹದಿನಾಲ್ಕು ದಿನಗಳೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ, ಹಣ ಹಿಂದಿರುಗಿಸುವ ನಿಯಮವೂ ಬಂದಿದೆ. ಯಂತ್ರ ಕೆಟ್ಟರೂ ಕೊಂಡ ಆಟ ಕೆಡುವುದಿಲ್ಲ. ಹೊಸ ಯಂತ್ರಕ್ಕೆ ಮತ್ತೆ ಇಳಿಸಿಕೊಂಡರಾಯಿತು.

ಆಟ ಕಟ್ಟುವವರಿಗೆ ಆದ ಉಪಕಾರ ಇನ್ನೂ ದೊಡ್ಡದು. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟಗಳ ಕಂಪನಿ ಹುಟ್ಟಿತು. ಭಾರತದಲ್ಲಿ ಈ ಕಸುಬಿಗೆ ಮೊದಲು ಇಳಿದವರಲ್ಲಿ ಅದೊಂದು. ಅದರ ಬದುಕೆಲ್ಲ ಹೆಚ್ಚಾಗಿ ಹೊರದೇಶದ ದೊಡ್ಡ ಕಂಪನಿಗಳ ಆಟಗಳಿಗೆ ಚಿತ್ರಗೆಲಸ ಮಾಡಿಕೊಡುವುದರಲ್ಲಿ ಕಳೆಯಿತು. 2019ರಲ್ಲಿ ಅದು ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಸ್ವಂತ ಆಟವನ್ನು ಜಗತ್ತಿನ ಮುಂದಿಡಲು ಬಿಲ್ಲೆಗಳ ಕಾಲದಲ್ಲಿ ಪ್ರಕಾಶಕ ಬೇಕು, ಹಡಗು ಬೇಕು, ಅಂಗಡಿಯ ಕಪಾಟು ಬೇಕು. ಈಗ? 2017ರಿಂದ ನೂರು ಡಾಲರು ಠೇವಣಿ ಕಟ್ಟಿದರೆ ಸ್ಟೀಮಿನ ಕಪಾಟಿನಲ್ಲಿ ಯಾರ ಆಟಕ್ಕಾದರೂ ಸ್ಥಳವುಂಟು. ಪುಣೆಯ ಚಿಕ್ಕ ತಂಡವೊಂದು ನಮ್ಮ ಪುರಾಣದ ಜಗತ್ತನ್ನಾಧರಿಸಿ ಕಟ್ಟಿದ 'ರಾಜಿ' 2020ರಲ್ಲಿ ದೇಶದೇಶಗಳಿಗೆ ಹೋಯಿತು. ನಮ್ಮ ಘಟ್ಟದ ಕೆಳಗಿನ ಗೋವೆಯಿಂದ 2021ರಲ್ಲಿ 'ಫರ್ಗಾಟನ್ ಫೀಲ್ಡ್ಸ್' ಎಂಬ, ಆ ಕರಾವಳಿಯನ್ನೇ ನೆನಪಿಸುವ ಒಂದು ಮೆಲುದನಿಯ ಆಟ ಹೊರಬಂತು. ಮುರ್ಮುಗಾವಿನ ಹಡಗನ್ನೂ ಕ್ಯಾಸಲ್‌ರಾಕಿನ ನಾಕೆಯನ್ನೂ ಹಾಯದೆ ಗೋವೆಯ ಸರಕು ಜಗತ್ತನ್ನು ಸೇರಿತು!

ಹಾಗಾದರೆ ನಾಕೆ ಇಲ್ಲವಾಯಿತೇ? ಇಲ್ಲ, ಒಡೆಯ ಬದಲಾದ. ಅಂತರ್ಜಾಲದಲ್ಲಿ ಹಾಯುವ ಸರಕಿಗೆ ಗಡಿಸುಂಕ ವಿಧಿಸಬಾರದೆಂದು 1998ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ದೇಶಗಳು ಒಪ್ಪಿದವು. ಇದರಿಂದ ತನಗೆ ನಷ್ಟವೆಂದು ಭಾರತ ಹಲವು ಸಲ ತಕರಾರೆತ್ತಿದೆ. 2017ರ ಜುಲೈಯಿಂದ ಹೊರದೇಶದ ಇಂಥ ಮಾರಾಟಗಾರರ ಮೇಲೆ ನಮ್ಮ ಸರಕಾರ ಶೇಕಡಾ 18ರ ಜಿ.ಎಸ್.ಟಿ. ಹೇರಿತು. ಇದು ಸರಕಾರದ ಪಾಲು. ಉಗ್ರಾಣದವನ ಪಾಲು ಇದಕ್ಕಿಂತ ದೊಡ್ಡದು. ಮಾರಾಟವಾದ ನೂರು ರೂಪಾಯಿಗೆ ಮೂವತ್ತು ಸ್ಟೀಮಿಗೆ. 2018ರ ಕೊನೆಯಲ್ಲಿ ಈ ಕಟ್ಟಳೆ ಸಡಿಲವಾಯಿತು, ಯಾರಿಗೆ? ಒಂದು ಕೋಟಿ ಡಾಲರಿಗೂ ಮಿಕ್ಕಿ ಮಾರಿದವರಿಗೆ. ಚಿಕ್ಕವನು ಹಳೆಯ ದರವನ್ನೇ ತೆರಬೇಕು. ಅದೇ ಡಿಸೆಂಬರಿನಲ್ಲಿ ಎಪಿಕ್ ಎಂಬ ಪ್ರತಿಸ್ಪರ್ಧಿ ನೂರಕ್ಕೆ ಹನ್ನೆರಡು ಸಾಕೆಂದು ಅಂಗಡಿ ತೆರೆಯಿತು. ಕೆಲವು ಆಟಗಳು ಇಲ್ಲಿ ಮಾತ್ರ, ಕೆಲವು ಅಲ್ಲಿ ಮಾತ್ರ ಎಂದಾಗಿ, ಆಟಗಾರ ನಾಲ್ಕಾರು ಉಗ್ರಾಣಗಳಲ್ಲಿ ಹೆಸರು ಬರೆಸಿ, ನಾಲ್ಕಾರು ಗುಪ್ತಪದಗಳನ್ನು ನೆನಪಿಡಬೇಕಾಯಿತು. ಒಂದು ಉಗ್ರಾಣದಲ್ಲಿ ಕೊಂಡ ಆಟ ಮತ್ತೊಂದು ಕಂಪನಿಯ ಬಾಗಿಲನ್ನೂ ಬಡಿದು ತೆರೆಯುವುದುಂಟು. ಕನ್ನಡಿಗನಿಗೆ ಇನ್ನೊಂದು ಕೊರಗು: ಸ್ಟೀಮಿನ ಅಂಗಡಿಯನ್ನು ಥಾಯಿ, ವಿಯೆಟ್ನಾಮಿ ಭಾಷೆಗಳಲ್ಲಿ ಓದಬಹುದು, ಕನ್ನಡದಲ್ಲಿ ಓದಲಾಗದು.

ಇವೆಲ್ಲ ಸಣ್ಣ ಕಿರಿಕಿರಿಗಳು. ದೊಡ್ಡ ಪ್ರಶ್ನೆ ಒಡೆತನದ್ದು. ಕೊಂಡದ್ದು ಏನನ್ನು? 2014ರಲ್ಲಿ ಬಂದ 'ದಿ ಕ್ರೂ' ಎಂಬ ಮೋಟಾರು ಓಟದ ಆಟವನ್ನು ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ತನ್ನ ಯಂತ್ರಗಳನ್ನು ನಿಲ್ಲಿಸಿ ಮುಗಿಸಿಬಿಟ್ಟಿತು. ಕೊಂಡವರ ಬಳಿ ಬಿಲ್ಲೆಯಿದ್ದರೂ ಆಟವಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ! ಇದನ್ನು ಪ್ರತಿಭಟಿಸಿ ಯುರೋಪಿನಲ್ಲಿ ನಡೆದ ಸಹಿ ಸಂಗ್ರಹ 2025ರ ಜುಲೈಯಲ್ಲಿ ಹತ್ತು ಲಕ್ಷವನ್ನು ದಾಟಿತು. 2024ರಲ್ಲಿ ಕ್ಯಾಲಿಫೋರ್ನಿಯ ಸಂಸ್ಥಾನ ಒಂದು ಕಾನೂನು ಮಾಡಿ, ಕೊಡುತ್ತಿರುವುದು ಕೇವಲ ಪರವಾನಗಿಯಾದರೆ ಹಾಗೆಂದು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಬೇಕೆಂದು ವಿಧಿಸಿತು. ಆ ವರ್ಷದ ಅಕ್ಟೋಬರಿನಿಂದ ಸ್ಟೀಮಿನಲ್ಲಿ ಹಣ ಕಟ್ಟುವ ಕಡೆ ಆ ಮಾತು ಕಾಣುತ್ತಿದೆ. ಸುಳ್ಳು ಹೇಳದಿರುವುದು ಒಳ್ಳೆಯದೇ. ಆದರೆ ಸತ್ಯ ಹೇಳಿದ ಮಾತ್ರಕ್ಕೆ ಕೀಲಿ ಕೈಬದಲಾಗಲಿಲ್ಲ. ಅಷ್ಟೇ ಅಲ್ಲ, ಸ್ಟೀಮಿನ ಖಾತೆಯನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಅದರ ಕರಾರಿನಲ್ಲಿ ಅವಕಾಶವಿಲ್ಲ. ನನ್ನ ಪುಸ್ತಕಗಳು ನಾಳೆ ಮೊಮ್ಮಗನವು. ಅವನ ನೂರು ಆಟಗಳು ಅವನ ಮಕ್ಕಳವಾಗಲಾರವು.

ಮಳೆ ಹೊಳವಾದ ಮೇಲೆ ಹುಡುಗ ಆ ಕಂಪನಿಗೆ ದೂರು ಬರೆದ. ಯಂತ್ರವೇ ಬರೆದಂಥ ಉತ್ತರ ಬಂತು: ಅಂತರ್ಜಾಲ ಸರಿಪಡಿಸಿಕೊಳ್ಳಿರಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು.

ಇದಕ್ಕೆ ಮದ್ದಿಲ್ಲವೆಂದು ನಾನು ಹೇಳಲಾರೆ. 2008ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಜಿ.ಓ.ಜಿ. ಎಂಬ ಉಗ್ರಾಣವಿದೆ. ಅದು ಹಳೆಯ ಆಟಗಳನ್ನು ಹೊಸ ಯಂತ್ರಗಳಿಗೆ ಹೊಂದಿಸಿ, ಬೀಗವಿಲ್ಲದೆ ಮಾರುತ್ತದೆ. ಒಮ್ಮೆ ಇಳಿಸಿಕೊಂಡ ಪ್ರತಿ ನಮ್ಮಲ್ಲಿಯೇ ಇರುತ್ತದೆ. ತೆರೆಯಲು ಯಾರ ಅಪ್ಪಣೆಯೂ ಬೇಡ. ಎಲ್ಲ ಆಟಗಳೂ ಅಲ್ಲಿ ದೊರೆಯವು ಎಂಬುದು ನಿಜ. ಬೀಗವಿಲ್ಲದೆಯೂ ವ್ಯಾಪಾರ ನಡೆಯುತ್ತದೆಂಬುದಕ್ಕೆ ಮಾತ್ರ ಅದು ಸಾಕ್ಷಿ.

1878ರ ಒಪ್ಪಂದವನ್ನು ಈಗ ಮತ್ತೆ ನೆನೆಯುತ್ತೇನೆ. ಗೋವೆಗೆ ರೈಲು ಬಂದದ್ದು ನಿಜವಾದ ಉಪಕಾರ. ನಮ್ಮ ಊರು ಇಂದು ಇರುವುದೂ ಅದರಿಂದಲೇ. ಆದರೆ ತನ್ನ ಗದ್ದೆಯಲ್ಲಿ ತಾನು ತೆಗೆದ ಉಪ್ಪಿಗೆ ಇನ್ನೊಬ್ಬನ ಅಪ್ಪಣೆ ಕಾಯಬೇಕಾಗಿ ಬಂದ ಗೋವೆಯ ಉಪ್ಪಿನವನನ್ನು ಕೇಳಿ ಆ ಕರಾರು ಬರೆದವರು ಯಾರೂ ಇರಲಿಲ್ಲ. ಸೌಕರ್ಯವನ್ನು ಬೇಡವೆನ್ನಲು ನಾನು ಸಿದ್ಧನಿಲ್ಲ. ಕರಾರು ಬರೆಯುವಾಗ ಉಪ್ಪಿನವನೂ ಅಲ್ಲಿ ಕುಳಿತಿರಬೇಕು. ಇಷ್ಟೇ ನನ್ನ ವಾದ. ಹಣ ಪಡೆದು ಮಾರಿದ್ದನ್ನು ನಿಲ್ಲಿಸುವಾಗ, ಕೊಂಡವನ ಮನೆಯಲ್ಲಿ ಅದು ಆಡುವಂತೆ ಮಾಡಿ ಹೋಗಬೇಕೆಂಬ ನಿಯಮವನ್ನು ನಮ್ಮ ಗ್ರಾಹಕ ಕಾನೂನಿನಲ್ಲಿಯೂ ಬರೆಯಬಾರದೇಕೆ?

ಮೊಮ್ಮಗ ಹುಬ್ಬಳ್ಳಿಗೆ ಹೊರಡುವ ದಿನ ಅಂಗೈಯಗಲದ ಒಂದು ಡಿಸ್ಕನ್ನು ನನ್ನ ಕೈಗಿತ್ತ. ಬೀಗವಿಲ್ಲದೆ ಕೊಂಡ ತನ್ನ ಆಟಗಳನ್ನೆಲ್ಲ ಅದರಲ್ಲಿ ತುಂಬಿಟ್ಟಿದ್ದಾನಂತೆ. "ಅಜ್ಜಾ, ಇದನ್ನ ಥಂಡಿ ಹತ್ತಧಂಗ ಇಡು" ಎಂದ. ತಂದೆಯವರ ತಗಡಿನ ಟ್ರಂಕಿನಲ್ಲಿ, ಅವರ ಹಳೆಯ ರೈಲ್ವೆ ಕಾಗದಗಳ ಪಕ್ಕದಲ್ಲಿ, ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಆ ಟ್ರಂಕಿನ ಕೀಲಿ ನಮ್ಮ ಮನೆಯ ಗೂಟಕ್ಕೇ ತೂಗುಬಿದ್ದಿದೆ.