ಹತ್ತು ರಿಯ ಆಚೆ
ಜಪಾನ್ ಪಾಶ್ಚಾತ್ಯ ದೇಶಗಳೊಡನೆ ಮಾಡಿಕೊಂಡ 1858ರ ಒಪ್ಪಂದಗಳ ಪ್ರಕಾರ ಯೊಕೊಹಾಮಾದಂಥ ಬಂದರುಗಳಲ್ಲಿ ನೆಲೆಸಿದ ವಿದೇಶಿಯರು ಸುತ್ತಲಿನ ಹತ್ತು ರಿ, ಅಂದರೆ ಸುಮಾರು 40 ಕಿಲೋಮೀಟರ್, ದಾಟಿ ತಿರುಗಾಡುವಂತಿರಲಿಲ್ಲ. ಮುಂದೆ ಒಳನಾಡಿಗೆ ರಹದಾರಿ ಸಿಗತೊಡಗಿದಾಗಲೂ ಆರೋಗ್ಯವೋ ವಿಜ್ಞಾನದ ಶೋಧನೆಯೋ ಕಾರಣವಾಗಿರಬೇಕಿತ್ತು. (ಆ ಕಾಲದ ರೋಗಿಗಳು ಬೆಟ್ಟ ಹತ್ತುವುದರಲ್ಲಿ ಗಟ್ಟಿಗರಿದ್ದಿರಬೇಕು!) 1899ರವರೆಗೂ ನಡೆದ ಈ ಕಟ್ಟುಪಾಡೇ ಅಲ್ಲಿನ ವಿದೇಶಿ ನಿವಾಸಿಗಳನ್ನು ಮಾರ್ಗದರ್ಶಕರನ್ನಾಗಿಸಿತು ಎಂಬುದು ನನ್ನ ಎಣಿಕೆ. ಹಡಗಿಳಿದು ನಾಲ್ಕು ದಿನಕ್ಕೆ ಬಂದವನಿಗೆ ಭಾಷೆಯೂ ತಿಳಿಯದು, ದಾರಿಯೂ ತಿಳಿಯದು. ಎರಡನ್ನೂ ಕಲಿತಿದ್ದವರು ಈ ನಿವಾಸಿಗಳು. ಬ್ರಿಟಿಷ್ ರಾಯಭಾರ ಕಚೇರಿಯ ಅರ್ನೆಸ್ಟ್ ಸ್ಯಾಟೋ 1875ರಲ್ಲಿ ನಿಕ್ಕೋ ಬಗ್ಗೆ ಕೈಪಿಡಿ ತಂದ. 1881ರಲ್ಲಿ ಹಾಸ್ ಎಂಬವನೊಡನೆ ಮಧ್ಯ ಮತ್ತು ಉತ್ತರ ಜಪಾನಿಗೆ ದೊಡ್ಡದೊಂದನ್ನು ಬರೆದ. ಒಸಾಕಾದ ಟಂಕಸಾಲೆಯಲ್ಲಿದ್ದ ವಿಲಿಯಂ ಗೌಲ್ಯಾಂಡ್ ಬಳಸಿದ 'ಜಪಾನಿನ ಆಲ್ಪ್ಸ್' ಎಂಬ ಹೆಸರು ಇದರಲ್ಲೇ ಅಚ್ಚಾಯಿತು.

ತಮ್ಮ ನಾಡನ್ನು ನೋಡಲು ಜಪಾನೀಯರಿಗೆ ಪರದೇಶಿಯ ಕಣ್ಣು ಬೇಕಿತ್ತೇ ಎಂದು ಯಾರಾದರೂ ಕೇಳಿಯಾರು. ಖಂಡಿತ ಬೇಕಿರಲಿಲ್ಲ. ಕ್ಯೋಟೋದ ಪ್ರಸಿದ್ಧ ತಾಣಗಳ ಸಚಿತ್ರ ಪುಸ್ತಕ 1780ರಲ್ಲೇ ಬಂದಿತ್ತು. ಇಸೆ ದೇಗುಲದ ಯಾತ್ರೆಗೆ ಜನ ಹಿಂಡುಹಿಂಡಾಗಿ ಹೋಗುತ್ತಿದ್ದರು. ಯಾರಿ ಶಿಖರವನ್ನು ಬನ್‌ರ್ಯು ಎಂಬ ಸನ್ಯಾಸಿ 1828ರಲ್ಲೇ ಏರಿದ್ದ. ಹೀಗಾಗಿ ವಿದೇಶಿಯರು ಈ ತಾಣಗಳನ್ನು 'ಕಂಡುಹಿಡಿದರು' ಎಂಬ ಮಾತು ಸಲ್ಲದು. ಬದಲಾದದ್ದು ಹತ್ತುವ ಉದ್ದೇಶ: ಪುಣ್ಯಕ್ಕಲ್ಲ, ಬರೀ ಹತ್ತುವ ಸುಖಕ್ಕೆ. ಆ ಬದಲಾವಣೆಯೂ ಏಕಮುಖವಾಗಿರಲಿಲ್ಲ. ಬ್ರಿಟಿಷ್ ಪಾದ್ರಿ ವಾಲ್ಟರ್ ವೆಸ್ಟನ್‌ಗೆ ಕಾಮಿಕೋಚಿಯ ಬೆಟ್ಟಗಳಲ್ಲಿ ದಾರಿ ತೋರಿದವನು ಸ್ಥಳೀಯ ಬೇಟೆಗಾರ ಕಾಮಿಜೊ ಕಾಮೊನ್‌ಜಿ. ಅದೇ ವೆಸ್ಟನ್‌ನ ಉತ್ತೇಜನದಿಂದ ಕೊಜಿಮಾ ಉಸುಯಿ ಮತ್ತು ಗೆಳೆಯರು 1905ರಲ್ಲಿ ಜಪಾನಿನ ಪರ್ವತಾರೋಹಿಗಳ ಸಂಘ ಕಟ್ಟಿದರು.