ಎಡಕ್ಕೆ ನೋಡಿದ ಚರ್ಚಿಲ್

ನ್ಯೂಯಾರ್ಕ್ ನಗರದ ಫಿಫ್ತ್ ಅವೆನ್ಯೂ. 1931ರ ಡಿಸೆಂಬರ್ 13, ಭಾನುವಾರ ರಾತ್ರಿ ಸುಮಾರು ಹತ್ತೂವರೆ ಗಂಟೆ. ಟ್ಯಾಕ್ಸಿಯಲ್ಲಿ ಒಂದು ಗಂಟೆಯ ಹೊತ್ತು ಅತ್ತಿಂದಿತ್ತ ಸುತ್ತಿ ಬೇಸತ್ತಿದ್ದ 57 ವರ್ಷದ ದಢೂತಿ ಇಂಗ್ಲಿಷ್ ಪ್ರಯಾಣಿಕನೊಬ್ಬ ಸೆಂಟ್ರಲ್ ಪಾರ್ಕಿನ ಬದಿಯಲ್ಲಿ ಗಾಡಿ ನಿಲ್ಲಿಸಲು ಹೇಳಿ ಕೆಳಗಿಳಿದ. ಹುಡುಕುತ್ತಿದ್ದುದು ಗೆಳೆಯ ಬರ್ನಾರ್ಡ್ ಬರೂಕ್ ಎಂಬ ಭಾರೀ ಕುಳದ ಮನೆಯನ್ನು. ಮನೆಯ ನಂಬರು ನೆನಪಿರಲಿಲ್ಲ. ಹಿಂದೆ ಬಂದಿದ್ದ ಮನೆ, ಕಂಡರೆ ಗುರುತು ಸಿಕ್ಕೀತು ಎಂಬ ಧೈರ್ಯ. ಎದುರು ಸಾಲಿನಲ್ಲಿ ಇರಬೇಕೆಂದು ರಸ್ತೆ ದಾಟತೊಡಗಿದ.

ಆಗ ಆ ರಸ್ತೆಯಲ್ಲಿ ಎರಡೂ ಕಡೆಯಿಂದ ವಾಹನಗಳು ಓಡಾಡುತ್ತಿದ್ದವು. ಇಂಗ್ಲೆಂಡಿನಲ್ಲಿ, ಅವರಿಂದ ಕಲಿತ ನಮ್ಮಲ್ಲೂ, ವಾಹನಗಳು ರಸ್ತೆಯ ಎಡಭಾಗದಲ್ಲಿ ಹೋಗುತ್ತವೆ. ಹಾಗಾಗಿ ದಾಟುವವರು ಮೊದಲು ಬಲಕ್ಕೆ ನೋಡಿ, ನಡುರಸ್ತೆಗೆ ಬಂದ ಮೇಲೆ ಎಡಕ್ಕೆ ನೋಡುತ್ತಾರೆ. ಅಮೆರಿಕದಲ್ಲಿ ಎಲ್ಲವೂ ತಿರುಗುಮುರುಗು. ನಡುರಸ್ತೆಗೆ ಬಂದ ಆ ಪ್ರಯಾಣಿಕ ಹುಟ್ಟು ಅಭ್ಯಾಸದಂತೆ ಎಡಕ್ಕೆ ಕಣ್ಣು ಹಾಯಿಸಿದ. ಕಾರು ಬಂದದ್ದು ಬಲಗಡೆಯಿಂದ, ಗಂಟೆಗೆ ಮೂವತ್ತಕ್ಕೂ ಹೆಚ್ಚು ಮೈಲಿ ವೇಗದಲ್ಲಿ. ಗುದ್ದಿದ ರಭಸಕ್ಕೆ ಆತ ಒಂದಿಷ್ಟು ದೂರ ಎಳೆದುಕೊಂಡು ಹೋಗಿ ಬಿದ್ದ.

ಬಿದ್ದವನು ವಿನ್‌ಸ್ಟನ್ ಚರ್ಚಿಲ್. ಆಗಿನ್ನೂ ಪ್ರಧಾನಿಯಲ್ಲ. ಹೇಳಬೇಕೆಂದರೆ ಆ ವರ್ಷ ಆತನ ರಾಜಕೀಯ ಮುಗಿಯಿತೆಂದೇ ಹಲವರು ತಿಳಿದಿದ್ದರು. ಭಾರತಕ್ಕೆ ಅಧಿಕಾರ ಕೊಡುವ ಮಾತನ್ನು ವಿರೋಧಿಸಿ ಜನವರಿಯಲ್ಲಿ ತನ್ನ ಪಕ್ಷದ ಮುಂದಾಳುಗಳ ಕೂಟದಿಂದಲೇ ಹೊರಬಂದಿದ್ದ. ಗಾಂಧೀಜಿಯನ್ನು ಅರೆಬೆತ್ತಲೆ ಫಕೀರನೆಂದು ಹೀಗಳೆದದ್ದೂ ಅದೇ ವರ್ಷ. ದುಂಡುಮೇಜಿನ ಪರಿಷತ್ತು ಮುಗಿಸಿದ ಗಾಂಧೀಜಿ ಲಂಡನ್ ಬಿಟ್ಟದ್ದು ಡಿಸೆಂಬರ್ 5ರಂದು. ಅದಾಗಿ ಎಂಟು ದಿನಕ್ಕೆ ಈ ಅಪಘಾತ. 1929ರ ಷೇರುಪೇಟೆ ಕುಸಿತದಲ್ಲಿ ಚರ್ಚಿಲ್ ದೊಡ್ಡ ಗಂಟನ್ನೇ ಕಳೆದುಕೊಂಡಿದ್ದ. ಅದನ್ನು ತುಂಬಿಕೊಳ್ಳಲು ಅಮೆರಿಕದಲ್ಲಿ ನಲವತ್ತು ಭಾಷಣಗಳ ಪ್ರವಾಸ ಒಪ್ಪಿಕೊಂಡು ಹೆಂಡತಿ, ಮಗಳೊಂದಿಗೆ ಬಂದಿದ್ದ. ಆಗಿದ್ದುದು ಒಂದೇ ಭಾಷಣ.

ಟ್ಯಾಕ್ಸಿಯೊಂದರಲ್ಲಿ ಹತ್ತಿರದ ಲೆನಾಕ್ಸ್ ಹಿಲ್ ಆಸ್ಪತ್ರೆಗೆ ಒಯ್ದರು. ಈ ಆಸ್ಪತ್ರೆಯ ಚರಿತ್ರೆಯೂ ಸ್ವಾರಸ್ಯದ್ದೇ. ಬಡ ಜರ್ಮನ್ ವಲಸೆಗಾರರಿಗೆಂದು 1857ರಲ್ಲಿ ಔಷಧಾಲಯವಾಗಿ ಶುರುವಾಗಿ, ಜರ್ಮನ್ ಆಸ್ಪತ್ರೆ ಎಂದೇ ಬೆಳೆದದ್ದು ಅದು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಹೆಸರೇ ಅಮೆರಿಕನ್ನರಿಗೆ ಬೇಡವಾದಾಗ, 1918ರಲ್ಲಿ, ಲೆನಾಕ್ಸ್ ಹಿಲ್ ಎಂಬ ಹೊಸ ಹೆಸರು ಇಟ್ಟುಕೊಂಡಿತು. ಜರ್ಮನಿಯ ಬದ್ಧವೈರಿಯೆಂದು ಮುಂದೆ ಹೆಸರಾದವನ ತಲೆಗೆ ಹೊಲಿಗೆ ಬಿದ್ದದ್ದು ಜರ್ಮನ್ನರು ಕಟ್ಟಿದ ಆಸ್ಪತ್ರೆಯಲ್ಲಿ.

ತಲೆಯಲ್ಲಿ ಆಳವಾದ ಗಾಯ, ಮೂಗಿಗೆ ಪೆಟ್ಟು, ಎರಡು ಪಕ್ಕೆಲುಬು ಬಿರುಕು. ಮೇಲಿಂದ ಶ್ವಾಸಕೋಶದ ಪೊರೆಗೆ ಉರಿಯೂತ. ಆಂಟಿಬಯಾಟಿಕ್ ಇನ್ನೂ ಬಳಕೆಗೆ ಬಾರದ ಆ ಕಾಲದಲ್ಲಿ ಈ ಕೊನೆಯದಕ್ಕೇ ವೈದ್ಯರು ಹೆಚ್ಚು ಹೆದರುತ್ತಿದ್ದರು. ಆದರೆ ಪ್ರಜ್ಞೆ ತಪ್ಪಿರಲಿಲ್ಲ. ತಪ್ಪೆಲ್ಲ ತನ್ನದೇ, ಚಾಲಕನದೇನಿಲ್ಲ ಎಂದು ಪೊಲೀಸರಿಗೆ ಹೇಳಿದ. ಚಾಲಕ ಇಟಲಿ ಮೂಲದ ಯುವಕ, ಕೆಲಸವಿಲ್ಲದವನು. ಗಾಬರಿಯಿಂದ ಆಸ್ಪತ್ರೆಗೆ ನೋಡಲು ಬಂದ ಆತನನ್ನು ಕೂರಿಸಿ ಮಾತಾಡಿಸಿ, ತನ್ನ ಪುಸ್ತಕವೊಂದಕ್ಕೆ ಸಹಿ ಹಾಕಿ ಕೊಟ್ಟು ಕಳಿಸಿದ. ಭಾರತದ ವಿಷಯದಲ್ಲಿ ಕಾಣದ ಔದಾರ್ಯ ಇಲ್ಲಿ ಧಾರಾಳವಾಗಿ ಕಾಣುತ್ತದೆ.

ಆಸ್ಪತ್ರೆಯಿಂದಲೇ ಇನ್ನೊಂದು ಕುತೂಹಲ ಹುಟ್ಟಿತು. ಇಷ್ಟು ಜೋರಾಗಿ ಗುದ್ದಿದರೂ ತಾನು ಸಾಯಲಿಲ್ಲವೇಕೆ? ಆಕ್ಸ್‌ಫರ್ಡಿನಲ್ಲಿದ್ದ ಭೌತವಿಜ್ಞಾನಿ ಗೆಳೆಯ ಲಿಂಡೆಮನ್‌ಗೆ ಲೆಕ್ಕ ಹಾಕಿ ತಿಳಿಸುವಂತೆ ಕೇಳಿದ. ಉತ್ತರ ತಂತಿಯಲ್ಲಿ ಬಂತು: ಮೂವತ್ತು ಅಡಿ ಎತ್ತರದಿಂದ ಕಲ್ಲುಹಾಸಿನ ಮೇಲೆ ಬಿದ್ದಷ್ಟು ಪೆಟ್ಟು. ಮೈತುಂಬ ಮಾಂಸವಿದ್ದುದರಿಂದ ಮೆತ್ತೆಯಂತಾಗಿ ಎಲುಬುಗಳು ಉಳಿದವು ಎಂದು ಕೀಟಲೆಯನ್ನೂ ಸೇರಿಸಿದ್ದ. ಅದನ್ನೆಲ್ಲ ಹಾಕಿ ಚರ್ಚಿಲ್ ತನ್ನ ಅಪಘಾತದ ಬಗೆಗೇ ಲೇಖನ ಬರೆದು ಲಂಡನ್ನಿನ 'ಡೇಲಿ ಮೇಲ್'ಗೆ ಮಾರಿದ. ಅದು 1932ರ ಜನವರಿಯಲ್ಲಿ ಅಚ್ಚಾಯಿತು. ಬಿದ್ದ ಪೆಟ್ಟಿನಿಂದಲೂ ಸಂಪಾದನೆ ಮಾಡಿದವನು!

ನಗೆಯ ಕೆಳಗೆ ನೋವೂ ಇತ್ತು. ಚೇತರಿಸಿಕೊಳ್ಳಲು ಬಹಾಮಾ ದ್ವೀಪಕ್ಕೆ ಹೋಗಿ ಮೂರು ವಾರ ಇದ್ದಾಗ ಹೆಂಡತಿ ಕ್ಲೆಮೆಂಟೈನ್ ಮಗನಿಗೆ ಕಾಗದ ಬರೆದಳು. ಎರಡು ವರ್ಷಗಳಲ್ಲಿ ಮೂರು ಹೊಡೆತ ಬಿದ್ದಿವೆ, ಹಣ ಹೋಯಿತು, ಪಕ್ಷದಲ್ಲಿ ಸ್ಥಾನ ಹೋಯಿತು, ಈಗ ದೇಹವೂ ಜಖಂ ಆಯಿತು, ಇವುಗಳಿಂದ ಪೂರ್ತಿ ಚೇತರಿಸಿಕೊಳ್ಳಲಾರೆ ಎಂದು ಗಂಡ ಕೊರಗುತ್ತಿದ್ದುದನ್ನು ಆ ಕಾಗದದಲ್ಲಿ ತಿಳಿಸಿದ್ದಳು. ಆದರೂ ಜನವರಿ ಕೊನೆಗೆ ಆತ ಮತ್ತೆ ವೇದಿಕೆ ಹತ್ತಿದ.

ಹತ್ತುವ ಮುಂಚೆ ಇನ್ನೊಂದು ತೊಡಕು. ಅಮೆರಿಕದಲ್ಲಿ 1920ರಿಂದ ಪಾನನಿಷೇಧ ಜಾರಿಯಲ್ಲಿತ್ತು. ಚರ್ಚಿಲ್‌ನ ಊಟವೋ ಮದ್ಯವಿಲ್ಲದೆ ಇಳಿಯುತ್ತಿರಲಿಲ್ಲ. ಆದರೆ ಕಾನೂನಿನಲ್ಲಿ ಒಂದು ಕಿಂಡಿ ಇತ್ತು, ಔಷಧವೆಂದು ವೈದ್ಯರು ಬರೆದುಕೊಟ್ಟರೆ ಮದ್ಯ ಪಡೆಯಬಹುದಿತ್ತು. ಚಿಕಿತ್ಸೆ ನೀಡಿದ ಡಾ. ಆಟೋ ಪಿಕ್‌ಹಾರ್ಟ್ 1932ರ ಜನವರಿ 26ರಂದು ಚೀಟಿ ಬರೆದುಕೊಟ್ಟರು. ಅಪಘಾತದ ನಂತರದ ಆರೈಕೆಗೆ ಮದ್ಯ ಅಗತ್ಯ, ಅದರಲ್ಲೂ ಊಟದ ಹೊತ್ತಿಗೆ. ಪ್ರಮಾಣಕ್ಕೆ ಮಿತಿ ಹೇಳಲಾಗದು, ಕನಿಷ್ಠವೆಂದರೆ 250 ಸಿಸಿ ಎಂಬುದು ಅದರ ತಾತ್ಪರ್ಯ. ಗರಿಷ್ಠವನ್ನು ಬಿಟ್ಟು ಕನಿಷ್ಠವನ್ನು ನಿಗದಿ ಮಾಡಿದ ಔಷಧ ಚೀಟಿ ಬೇರೊಂದು ಸಿಗುವುದು ಕಷ್ಟ. 1949ರ ಕಾಯಿದೆಯ ನಂತರ ಮುಂಬಯಿ ಪ್ರಾಂತದಲ್ಲೂ ಆರೋಗ್ಯದ ಹೆಸರಿನ ಇಂಥದೇ 'ಪರ್ಮಿಟ್' ಇತ್ತು. ಆಗ ಆ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆಯ ಹಿರಿಯರಿಂದ ಅದರ ಕತೆಗಳನ್ನು ಕೆಲವರಾದರೂ ಕೇಳಿರಬಹುದು.

ಚರ್ಚಿಲ್ ಹೊರದೇಶದಲ್ಲಿ ಪೆಟ್ಟು ತಿಂದದ್ದು ಇದೇ ಮೊದಲಲ್ಲ. ಮೊದಲನೆಯದು ನಮ್ಮಲ್ಲೇ, ಬೆಂಗಳೂರಿಗೆ ಬರುವ ದಾರಿಯಲ್ಲಿ. 1896ರ ಅಕ್ಟೋಬರಿನಲ್ಲಿ 21 ವರ್ಷದ ಸೇನಾಧಿಕಾರಿಯಾಗಿ ಮುಂಬಯಿಗೆ ಬಂದಿಳಿದಾಗ, ಹಡಗಿನಿಂದ ಸಣ್ಣ ದೋಣಿಯಲ್ಲಿ ಸಸೂನ್ ಡಾಕಿನ ಮೆಟ್ಟಿಲ ಬಳಿ ಬಂದ. ಗೋಡೆಗಿದ್ದ ಕಬ್ಬಿಣದ ಬಳೆಯನ್ನು ಬಲಗೈಯಲ್ಲಿ ಹಿಡಿದ ಗಳಿಗೆಗೆ ಸರಿಯಾಗಿ ಅಲೆ ಇಳಿದು ದೋಣಿ ಕೆಳಕ್ಕೆ ಹೋಯಿತು. ಜಗ್ಗಿದ ರಭಸಕ್ಕೆ ಭುಜದ ಕೀಲು ಕೆಟ್ಟಿತು. ಆಗ ಅದೇನೂ ದೊಡ್ಡದೆನಿಸಲಿಲ್ಲ. ಮುಂದೆ ಜೀವಮಾನವಿಡೀ ಕಾಡಿತು. ದಿಂಬಿನ ಕೆಳಗೆ ಕೈಯಿಟ್ಟು ಮಲಗಿದರೆ, ಕಪಾಟಿನಿಂದ ಪುಸ್ತಕ ತೆಗೆದರೆ, ಈಜಿದರೆ ಭುಜ ಜಾರುತ್ತಿತ್ತು. ಒಮ್ಮೆ ಪಾರ್ಲಿಮೆಂಟಿನಲ್ಲಿ ಕೈಬೀಸಿ ಮಾತಾಡುವಾಗಲೂ ಜಾರುವುದರಲ್ಲಿತ್ತಂತೆ.

ಬೆಂಗಳೂರು ದಂಡಿನಲ್ಲಿ ಆತ ಪೋಲೋ ಆಡಿದ್ದು ಮೊಣಕೈಯನ್ನು ಪಕ್ಕೆಗೆ ಪಟ್ಟಿಯಿಂದ ಬಿಗಿದುಕೊಂಡು. ಆ ಕಾಲದ ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಚರ್ಚಿಲ್ ತೀರಿಸದ 13 ರೂಪಾಯಿ ಬಾಕಿ ಇರುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಭುಜದ ಬಾಕಿ ಅಷ್ಟು ಪ್ರಸಿದ್ಧವಲ್ಲ. 1898ರಲ್ಲಿ ಸೂಡಾನಿನ ಒಮ್ಡುರ್ಮನ್ ಕಾಳಗದಲ್ಲಿ ಕತ್ತಿ ಬೀಸಲಾಗದೆ ಮೌಸರ್ ಪಿಸ್ತೂಲು ಹಿಡಿದ. ಅದರಿಂದಲೇ ಜೀವ ಉಳಿದಿರಬಹುದು, ಕೆಟ್ಟದ್ದೂ ಒಮ್ಮೊಮ್ಮೆ ಒಳ್ಳೆಯದಕ್ಕೇ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

1943ರ ಡಿಸೆಂಬರಿನಲ್ಲಿ ತೆಹರಾನ್ ಸಮ್ಮೇಳನ ಮುಗಿಸಿ ಮರಳುವಾಗ ಟ್ಯುನೀಷಿಯಾದ ಕಾರ್ಥೇಜಿನಲ್ಲಿ ನ್ಯುಮೋನಿಯಾ ಹಿಡಿಯಿತು. ಈ ಬಾರಿ ಆತ ಯುದ್ಧಕಾಲದ ಪ್ರಧಾನಿ. ವೈದ್ಯ ಲಾರ್ಡ್ ಮೋರನ್ ಜತೆಯಲ್ಲೇ ಇದ್ದರು, ಹೆಂಡತಿ ವಿಮಾನದಲ್ಲಿ ಬಂದಳು. ಮೇ ಅಂಡ್ ಬೇಕರ್ ಕಂಪನಿಯ ಸಲ್ಫಾ ಮಾತ್ರೆ ಜೀವ ಉಳಿಸಿತು. ಪೆನಿಸಿಲಿನ್ ಉಳಿಸಿತೆಂದೂ, ಅದನ್ನು ಕಂಡುಹಿಡಿದ ಫ್ಲೆಮಿಂಗನ ತಂದೆ ಬಾಲಕ ಚರ್ಚಿಲ್‌ನನ್ನು ಮುಳುಗುವುದರಿಂದ ಕಾಪಾಡಿದ್ದನೆಂದೂ ಒಂದು ಕತೆ ಇಂದಿಗೂ ಕೈಯಿಂದ ಕೈಗೆ ದಾಟುತ್ತಿದೆ. ಅದು ಬರೀ ಕತೆ. ಅದೇ 1943ರಲ್ಲಿ ಬಂಗಾಳದ ಕ್ಷಾಮಕ್ಕೆ ಸುಮಾರು 30 ಲಕ್ಷ ಜನ ಬಲಿಯಾದರು. ಅವರಿಗೆ ಧಾನ್ಯ ತರುವ ಹಡಗುಗಳನ್ನು ಕೊಡಲು ಚರ್ಚಿಲ್ ಸಂಪುಟ ಮೀನಮೇಷ ಎಣಿಸಿತ್ತು. ಕಾರ್ಥೇಜಿನ ಹಾಸಿಗೆಯ ಪಕ್ಕದಲ್ಲೇ ಅದನ್ನೂ ಇಟ್ಟು ನೋಡದಿದ್ದರೆ ನಾವು ಓದುವುದು ಅರ್ಧ ಚರಿತ್ರೆ.

ನ್ಯೂಯಾರ್ಕಿನಲ್ಲೂ ಹೆಸರಿದ್ದವನಿಗೆ ಗೆಳೆಯರಿದ್ದರು, ಪ್ರತ್ಯೇಕ ಕೋಣೆ ಸಿಕ್ಕಿತು. ಊರಿಗೆ ಮರಳಿದಾಗ ಸ್ನೇಹಿತರೆಲ್ಲ ಕೂಡಿ ಡೈಮ್ಲರ್ ಕಾರೊಂದನ್ನು ಉಡುಗೊರೆ ಕೊಟ್ಟರು. ಅದೇ ರಸ್ತೆಯಲ್ಲಿ ಹೆಸರಿಲ್ಲದವನು ಬಿದ್ದಿದ್ದರೆ? ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳು ಹಣದ ಮುಖ ನೋಡದೆ ರೋಗಿಯನ್ನು ಪರೀಕ್ಷಿಸಿ ಅಪಾಯದಿಂದ ಪಾರುಮಾಡಲೇಬೇಕೆಂಬ ಕಾನೂನು ಬಂದದ್ದು 1986ರಲ್ಲಿ. ಆ ಕಾನೂನು ಚಿಕಿತ್ಸೆಗೆ ಬಾಗಿಲು ತೆರೆಯಿತೇ ಹೊರತು ಬಿಲ್ಲನ್ನು ಮನ್ನಾ ಮಾಡಲಿಲ್ಲ. ಮಕ್ಕಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ನಮ್ಮ ಅಪ್ಪ ಅಮ್ಮಂದಿರು ಟಿಕೆಟ್ಟಿನ ಜತೆಗೆ ವಿಮೆಯನ್ನೂ ಮಾಡಿಸುವುದು ಇದೇ ಕಾರಣಕ್ಕೆ.

ಕೊನೆಯ ಪೆಟ್ಟು ಬಿದ್ದದ್ದು 1962ರ ಜೂನಿನಲ್ಲಿ, ಮಾಂಟೆ ಕಾರ್ಲೋದ ಹೋಟೆಲ್ ಕೋಣೆಯಲ್ಲಿ. 87 ವರ್ಷದ ಮುದುಕನ ಸೊಂಟದ ಬಳಿ ಮೂಳೆ ಮುರಿಯಿತು. ಅಲ್ಲೇ ಒಳ್ಳೆಯ ಆಸ್ಪತ್ರೆ ಇತ್ತು. ಆದರೆ ಚರ್ಚಿಲ್ ತನ್ನ ಕಾರ್ಯದರ್ಶಿಯ ಹತ್ತಿರ ಹಟ ಹಿಡಿದದ್ದು ಸಾಯುವುದಾದರೆ ಇಂಗ್ಲೆಂಡಿನಲ್ಲೇ ಎಂದು. ಪ್ರಧಾನಿ ಮ್ಯಾಕ್ಮಿಲನ್ ವಾಯುಪಡೆಯ ಕಾಮೆಟ್ ವಿಮಾನ ಕಳಿಸಿ ಕರೆಸಿಕೊಂಡರು. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಸುಮಾರು ಎಂಟು ವಾರ ಮಲಗಿದ್ದು, ಆಗಸ್ಟಿನಲ್ಲಿ ಮನೆಗೆ ಹೋದ. ಅದಾದ ಮೇಲೂ ಎರಡು ವರ್ಷಕ್ಕೆ ಮೇಲ್ಪಟ್ಟು ಬದುಕಿದ್ದು, ತೀರಿಕೊಂಡದ್ದು 1965ರ ಜನವರಿ 24ರಂದು, ಲಂಡನ್ನಿನ ತನ್ನ ಮನೆಯಲ್ಲೇ.